‘ಎಲ್ಲ ನಿನ್ನ ಕೈಯಲ್ಲೇ ಇದೆ’ ಎಂದರೆ ಸಾಕೇ?

ಜೂನ್ 26 ಅಂತರರಾಷ್ಟ್ರೀಯ ಮಾದಕ ವಸ್ತು ವಿರೋಧಿ ದಿನ. ನಮ್ಮ ಕೊಡಗಿನಲ್ಲಿ ಆ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಹಾಗಾಗಿ ಕಾಲೇಜಿನಲ್ಲಿ ಜಾಥಾ ಇಟ್ಟುಕೊಂಡರೂ ಅದು ಕೊಡೆಗಳ ಮೆರವಣಿಗೆ. ಇಲ್ಲದಿದ್ದರೆ ಸೆಮಿನಾರ್ ಹಾಲ್‌ನಲ್ಲಿ ಕಾರ್ಯಕ್ರಮ. ಸ್ವಾಗತ, ಗಿಡಕ್ಕೆ ನೀರೆರೆದು ಉದ್ಘಾಟನೆ, ಅತಿಥಿಗಳ ಮಾತು, ಬಲಗೈ ಮುಂದೆ ಚಾಚಿ ಪ್ರತಿಜ್ಞೆ, ಕೊನೆಗೆ ರಾಷ್ಟ್ರಗೀತೆ. ಅತಿಥಿ ಪೊಲೀಸ್ ಅಧಿಕಾರಿಯಾಗಿರಲಿ, ವೈದ್ಯರಾಗಿರಲಿ, ನಿವೃತ್ತ ಪ್ರಾಂಶುಪಾಲರಾಗಿರಲಿ, ಒಂದು ಮಾತು ಹೇಳದೆ ವೇದಿಕೆ ಇಳಿಯುವುದಿಲ್ಲ: ‘ವಿದ್ಯಾರ್ಥಿಗಳೇ, ನಿಮ್ಮ ಬದುಕು ನಿಮ್ಮ ಕೈಯಲ್ಲೇ ಇದೆ.’

ಚಪ್ಪಾಳೆ. ಇನ್ನೂ ಯಾವ ಚಟಕ್ಕೂ ಬೀಳದವನಿಗೆ ಇದು ಒಳ್ಳೆಯ ಮಾತೇ. ಆದರೆ ಆ ಹಾಲ್‌ನ ಹಿಂದಿನ ಸಾಲುಗಳಲ್ಲಿ ಈಗಾಗಲೇ ಬಿದ್ದವರೂ ಕೂತಿರುತ್ತಾರೆ. ಅವರೂ ಎಲ್ಲರ ಜೊತೆ ಕೈ ಚಾಚಿರುತ್ತಾರೆ. ಅವರ ಕಿವಿಗೆ ಅದೇ ಮಾತು ‘ನಿನ್ನ ಕೈಯಲ್ಲೇ ಇತ್ತು, ನೀನೇ ಹಾಳು ಮಾಡಿಕೊಂಡೆ’ ಎಂದು ಕೇಳಿಸುತ್ತದೆ. ನನ್ನ ಅನಿಸಿಕೆ ಇಷ್ಟೆ: ಚಟದಿಂದ ಹೊರಬರಲು ‘ನನ್ನ ಕೈಯಲ್ಲಿ ಆಗುತ್ತದೆ’ ಎಂಬ ನಂಬಿಕೆ ಬೇಕೇ ಬೇಕು. ಆದರೆ ತನ್ನ ಮೇಲೆ ತನಗೆ ಒಂದಿಷ್ಟು ಕರುಣೆ ಇಲ್ಲದಿದ್ದರೆ ಆ ನಂಬಿಕೆ ಬಾಳಿಕೆ ಬರುವುದಿಲ್ಲ. ಮೊದಲ ಸಲ ಕಾಲು ಜಾರಿದ ದಿನವೇ ಮುರಿದು ಬೀಳುತ್ತದೆ. ನಮ್ಮ ಕಾಲೇಜುಗಳು ಮೊದಲನೆಯದನ್ನು ಮೈಕ್ ಹಿಡಿದು ಹೇಳುತ್ತವೆ, ಎರಡನೆಯದನ್ನು ಆಫೀಸ್ ರೂಮಿನಲ್ಲಿ ಚಿವುಟಿ ಹಾಕುತ್ತವೆ.

ನಾನು ಎಲೆಕ್ಟ್ರಾನಿಕ್ಸ್ ಓದುತ್ತಿರುವ ಬಿಇ ವಿದ್ಯಾರ್ಥಿ. ‘ಲೋಕಸ್’ ಎಂದರೆ ನಮಗೆ ಕಂಟ್ರೋಲ್ ಸಿಸ್ಟಮ್ಸ್ ಪೇಪರಿನ ರೂಟ್ ಲೋಕಸ್. ಗ್ರಾಫ್ ಶೀಟ್ ಇಸಿದುಕೊಂಡು ಸ್ಟೆಪ್ಸ್ ಸರಿಯಾಗಿ ಬರೆದರೆ ಅಂಕ ಗ್ಯಾರಂಟಿ. ಮನಶ್ಶಾಸ್ತ್ರದಲ್ಲೂ ಒಂದು ಲೋಕಸ್ ಇದೆ ಎಂದು ತಿಳಿದದ್ದು ಗೆಳೆಯನೊಬ್ಬನಿಂದ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದರ ಹೆಸರು ‘ಲೋಕಸ್ ಆಫ್ ಕಂಟ್ರೋಲ್’. ಅಮೆರಿಕದ ಮನಶ್ಶಾಸ್ತ್ರಜ್ಞ ಜೂಲಿಯನ್ ರಾಟರ್ 1966ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಇದು ಹೆಸರುವಾಸಿಯಾಯಿತು. ನನ್ನ ಬದುಕಿನಲ್ಲಿ ಆಗುವುದರ ಲಗಾಮು ನನ್ನ ಕೈಯಲ್ಲಿದೆಯೋ ಅಥವಾ ಅದೃಷ್ಟ, ಹಣೆಬರಹ, ಬೇರೆಯವರ ಕೈಯಲ್ಲಿದೆಯೋ? ನಾವು ಯಾವುದನ್ನು ನಂಬುತ್ತೇವೆ ಎಂಬುದನ್ನು ಅಳೆಯಲು ರಾಟರ್ 29 ಜೋಡಿ ಹೇಳಿಕೆಗಳ ಪ್ರಶ್ನಾವಳಿ ಮಾಡಿದರು. ಪ್ರತಿ ಜೋಡಿಯಲ್ಲಿ ಒಂದನ್ನು ಆರಿಸಬೇಕು. 23ಕ್ಕೆ ಮಾತ್ರ ಅಂಕ. ಉಳಿದ 6 ಜೋಡಿಗಳು, ಏನು ಅಳೆಯುತ್ತಿದ್ದಾರೆ ಎಂದು ಉತ್ತರಿಸುವವರಿಗೆ ಸುಳಿವು ಸಿಗದಿರಲಿ ಎಂದು ಸೇರಿಸಿದವು.

ಹಾಸ್ಟೆಲ್‌ನಲ್ಲಿ ಈ ಪರೀಕ್ಷೆ ರಿಸಲ್ಟ್ ಬಂದ ದಿನ ತಾನಾಗಿಯೇ ನಡೆಯುತ್ತದೆ. ಪಾಸಾದರೆ ‘ರಾತ್ರಿಯೆಲ್ಲ ಓದಿದ್ದೆ ಮಗಾ’. ಬ್ಯಾಕ್ ಉಳಿದರೆ ‘ಪೇಪರ್ ಔಟ್ ಆಫ್ ಸಿಲಬಸ್, ವ್ಯಾಲ್ಯುಯೇಷನ್ ಸರಿಯಾಗಿಲ್ಲ’. ಇದರಲ್ಲಿ ನಮ್ಮ ತಲೆಮಾರಿನದೇ ತಪ್ಪು ಎಂದೇನಿಲ್ಲ. ಆದರೂ ಒಂದು ಮಾತು ಹೇಳಬೇಕು: 1960ರಿಂದ 2002ರವರೆಗೆ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ರಾಟರ್ ಪ್ರಶ್ನಾವಳಿ ಕೊಟ್ಟ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ಜೀನ್ ಟ್ವೆಂಗಿ ಮತ್ತು ಸಂಗಡಿಗರು 2004ರಲ್ಲಿ ನೋಡಿದಾಗ, ‘ನನ್ನ ಕೈಯಲ್ಲಿ ಏನೂ ಇಲ್ಲ’ ಎಂಬ ಭಾವನೆ ದಶಕದಿಂದ ದಶಕಕ್ಕೆ ಏರುತ್ತಲೇ ಬಂದಿರುವುದು ಕಂಡಿತು.

ಕಾಫಿ ತೋಟದ ಮನೆಗಳಲ್ಲಿ ಬೆಳೆದವರಿಗೆ ಈ ವಿಷಯ ಹೊಸದಲ್ಲ. ರೊಬಸ್ಟಾ ದರ ನಿಂತಿರುವುದು ಲಂಡನ್ ಮಾರುಕಟ್ಟೆಯ ಮೇಲೆ, ಅರೇಬಿಕಾ ದರ ನ್ಯೂಯಾರ್ಕ್ ಮೇಲೆ; ನಮ್ಮಪ್ಪ ಎಷ್ಟು ಬೈದರೂ ಅದು ಏರುವುದಿಲ್ಲ. ಮಾರ್ಚ್ ಆಸುಪಾಸಿನ ಹೂಮಳೆಯನ್ನು ಯಾರೂ ಆರ್ಡರ್ ಮಾಡಿ ತರಿಸಲಾಗದು. ಆದರೆ ಕೆರೆಯಲ್ಲಿ ನೀರು ಹಿಡಿದಿಟ್ಟವನು ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುತ್ತಾನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರುಗಿದಾಗ ಮನೆ, ತೋಟ ಕಳೆದುಕೊಂಡವರಿಗೆ ‘ಎಲ್ಲ ನಿಮ್ಮ ಕೈಯಲ್ಲೇ ಇತ್ತು’ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕೈಯಲ್ಲಿರುವುದು, ಇಲ್ಲದಿರುವುದು ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದು ನಮ್ಮ ಹಿರಿಯರಿಗೆ ಗೊತ್ತು. ಚಟದ ವಿಷಯಕ್ಕೆ ಬಂದಾಗ ಮಾತ್ರ ಈ ವಿವೇಕ ಎಲ್ಲಿಗೆ ಹೋಗುತ್ತದೋ.

ಚಟದ ಮಾತಿಗೇ ಬರೋಣ. ಗಾಂಜಾವನ್ನು ನಮ್ಮ ಕಡೆ ಹುಡುಗರು ‘ಸೊಪ್ಪು’ ಎನ್ನುತ್ತಾರೆ. ಏನೋ ಪಲ್ಯದ ಸಾಮಾನಿನ ಹಾಗೆ. ‘ಇದು ಚಟ ಹಿಡಿಯಲ್ಲ, ಗಿಡ ತಾನೆ’ ಎಂಬುದು ಸೀನಿಯರ್‌ಗಳು ದಾಟಿಸುವ ಮೊದಲ ಪಾಠ. ಸೇದಿ ನೋಡಿದವರಲ್ಲಿ ಹತ್ತರಲ್ಲಿ ಸುಮಾರು ಒಬ್ಬರಿಗೆ, ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಆರರಲ್ಲಿ ಸುಮಾರು ಒಬ್ಬರಿಗೆ ಅದು ಅವಲಂಬನೆಯಾಗಿ ಅಂಟಿಕೊಳ್ಳುತ್ತದೆ ಎಂಬುದು ವೈದ್ಯಲೋಕ ಒಪ್ಪಿದ ಅಂದಾಜು. ಮೊದಲ ಆರು ತಿಂಗಳು ಹುಡುಗ ಹೇಳುವುದು ‘ಯಾವಾಗ ಬೇಕಾದ್ರೂ ಬಿಡ್ತೀನಿ’ ಎಂದು. ಮುಂದಿನ ವರ್ಷ ಅದೇ ಬಾಯಿ ‘ಇನ್ನು ನನ್ನ ಕೈಲಾಗಲ್ಲ’ ಎನ್ನುತ್ತದೆ. ಮದ್ಯವ್ಯಸನಿಗಳ ಮೇಲೆ ಆರಂಭದಲ್ಲಿ ನಡೆದ ಕೆಲವು ಅಧ್ಯಯನಗಳಲ್ಲಿ ಸಂಶೋಧಕರಿಗೇ ಆಶ್ಚರ್ಯ ಕಾದಿತ್ತು. ಇವರು ಎಲ್ಲವನ್ನೂ ವಿಧಿಯ ಮೇಲೆ ಹಾಕುವವರಿರಬೇಕು ಎಂದುಕೊಂಡಿದ್ದರೆ, ಹಲವರು ‘ಎಲ್ಲ ನನ್ನ ಹಿಡಿತದಲ್ಲಿದೆ’ ಎನ್ನುವ ಬದಿಗೇ ವಾಲಿದ್ದರು. ಹಾಗಾಗಿ ‘ಒಳಗಿನ ಹಿಡಿತ ಒಳ್ಳೆಯದು, ಹೊರಗಿನದು ಕೆಟ್ಟದ್ದು’ ಎಂಬ ಸುಲಭದ ಸೂತ್ರ ಇಲ್ಲಿ ನಡೆಯುವುದಿಲ್ಲ. ನನಗೆ ಹಿಡಿತವಿದೆ ಎಂಬ ಹಮ್ಮೇ ಚಟದ ಮೊದಲ ವರ್ಷವನ್ನು ಕಾಯುವ ಕಾವಲುಗಾರ.

ಈಗ ಗೆಳೆಯನ ವಿಷಯ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗದಿರಲೆಂದು ಕೆಲವು ವಿವರ ಬಿಟ್ಟಿದ್ದೇನೆ. ಅಪ್ಪ ಎಸ್ಟೇಟ್ ಒಂದರಲ್ಲಿ ರೈಟರ್. ಎಜುಕೇಷನ್ ಲೋನ್. ಪಿಯುಸಿಯಲ್ಲಿ ಊರಿಗೇ ಮೊದಲು ಬಂದವನು ಬಿಇಯಲ್ಲಿ ಎರಡು ಸಲ ಮ್ಯಾಥ್ಸ್ ಕಳೆದುಕೊಂಡ. ಮೊದಲು ವಾರಕ್ಕೊಮ್ಮೆ ಇದ್ದದ್ದು ದಿನಕ್ಕೊಮ್ಮೆ ಆಯಿತು. ಆಮೇಲೆ ಬೆಳಿಗ್ಗೆ ಕ್ಲಾಸಿಗೆ ಹೋಗಬೇಕಾದರೂ ಬೇಕು ಎನ್ನುವಂತಾಯಿತು. ಕೊನೆಗೆ ಅವನೇ ಒಂದು ದಿನ ನಿಲ್ಲಿಸಿದ. ಯಾರಿಗೂ ಹೇಳಲಿಲ್ಲ, ಕ್ಯಾಲೆಂಡರಿನಲ್ಲಿ ಟಿಕ್ ಹಾಕುತ್ತ ಹೋದ. 41 ಟಿಕ್. 42ನೇ ದಿನ ಇಂಟರ್ನಲ್ಸ್ ಮುಗಿದಿತ್ತು, ಹುಡುಗರ ಜೊತೆ ಹೊಳೆ ಬದಿಗೆ ಹೋದ, ಎರಡು ದಮ್ ಎಳೆದ.

ಎರಡು ದಮ್, ಅಷ್ಟೆ. ಅದರಿಂದ ಮೈಗೆ ಆದ ಹಾನಿ ಎಷ್ಟೋ ಗೊತ್ತಿಲ್ಲ, ಮನಸ್ಸಿಗೆ ಆದದ್ದು ಮಾತ್ರ ನಾನು ಕಣ್ಣಾರೆ ಕಂಡೆ. ರೂಮಿಗೆ ಬಂದವನೇ ಕ್ಯಾಲೆಂಡರ್ ಹರಿದು ಹಾಕಿದ. ‘ಹೋಯ್ತಲ್ಲ, ಇನ್ನೇನಿದೆ. ನಾನು ಹುಟ್ಟಿದ್ದೇ ಹೀಗೆ’ ಎಂದ. ಮುಂದಿನ ಎರಡು ವಾರ ಮೊದಲಿಗಿಂತ ಹೆಚ್ಚು ಸೇದಿದ. ನಲವತ್ತೊಂದು ದಿನ ಬಿಟ್ಟವನು ಎನ್ನುವುದು ಅವನ ಲೆಕ್ಕದಲ್ಲಿ ಸೊನ್ನೆಯಾಯಿತು.

‘ಹೇಗೂ ಹೋಯ್ತಲ್ಲ’ ಎಂಬ ಈ ಮನಃಸ್ಥಿತಿಗೆ ವಿಜ್ಞಾನದಲ್ಲಿ ಹೆಸರಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲನ್ ಮಾರ್ಲಾಟ್ ಅವರು ಜುಡಿತ್ ಗಾರ್ಡನ್ ಜೊತೆ 1985ರಲ್ಲಿ ಹೊರತಂದ ‘ರಿಲ್ಯಾಪ್ಸ್ ಪ್ರಿವೆನ್ಷನ್’ ಪುಸ್ತಕದಲ್ಲಿ ಅದನ್ನು ‘ಆಬ್ಸ್ಟಿನೆನ್ಸ್ ವಯಲೇಷನ್ ಎಫೆಕ್ಟ್’ ಎಂದು ಕರೆದರು. ಹೆಸರು ಉದ್ದ, ವಿಷಯ ಸರಳ. ಬಿಟ್ಟವನು ಒಮ್ಮೆ ಜಾರುವುದು ಬೇರೆ, ಪೂರ್ತಿ ಮರಳಿ ಬೀಳುವುದು ಬೇರೆ. ಜಾರಿದವನು ಬೀಳುತ್ತಾನೋ ಇಲ್ಲವೋ ಎಂಬುದು, ತಾನು ಜಾರಿದ್ದೇಕೆ ಎಂದು ತನಗೆ ತಾನೇ ಹೇಳಿಕೊಳ್ಳುವ ಕಾರಣದ ಮೇಲೆ ಬಹಳಷ್ಟು ನಿಂತಿದೆ. ‘ನನ್ನ ಗುಣವೇ ಇಂಥದ್ದು, ಇದು ಬದಲಾಗದು, ಯಾವುದರಲ್ಲೂ ನಾನು ಉದ್ಧಾರವಾಗಲಾರೆ’ ಎಂದುಕೊಂಡವನು ಬೀಳುತ್ತಾನೆ. ‘ಆ ಸಂಜೆ ಹೊಟ್ಟೆ ಖಾಲಿ ಇತ್ತು, ಆ ಗುಂಪಿನ ಜೊತೆ ಹೋಗಿದ್ದೆ, ಬೇಡ ಎನ್ನಲು ಮೊದಲೇ ಮಾತು ಹೊಂದಿಸಿಕೊಂಡಿರಲಿಲ್ಲ’ ಎಂದುಕೊಂಡವನಿಗೆ ನಾಳೆ ಮಾಡಲು ಮೂರು ಕೆಲಸ ಸಿಗುತ್ತವೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ನಮ್ಮ ಭಾಷಣಕಾರರು ದಾಟಿ ಹೋಗುವುದು ಇದನ್ನೇ. ಎರಡು ಉತ್ತರಗಳಲ್ಲೂ ಹುಡುಗ ಬೇರೆಯವರ ಮೇಲೆ ಹಾಕಿಲ್ಲ. ಎರಡರಲ್ಲೂ ಕಾರಣ ‘ನಾನೇ’. ಆದರೆ ಒಂದರಲ್ಲಿ ‘ನಾನು’ ಎಂದರೆ ಬದಲಾಗದ ಹುಟ್ಟುಗುಣ. ಇನ್ನೊಂದರಲ್ಲಿ ‘ನಾನು’ ಎಂದರೆ ನಾನು ಮಾಡಿದ, ಮುಂದೆ ಬೇರೆ ರೀತಿ ಮಾಡಬಹುದಾದ ಕೆಲಸ. ಲ್ಯಾಬಿನಲ್ಲಿ ಸರ್ಕ್ಯೂಟ್ ಔಟ್‌ಪುಟ್ ಕೊಡದಿದ್ದರೆ ‘ಈ ಬೋರ್ಡಿನ ಜಾತಕವೇ ಸರಿಯಿಲ್ಲ’ ಎಂದು ರೆಕಾರ್ಡಿನಲ್ಲಿ ಬರೆದರೆ ಮೇಡಂ ಸುಮ್ಮನಿರುತ್ತಾರೆಯೇ? ಒಂದೊಂದೇ ಕನೆಕ್ಷನ್ ನೋಡು ಎನ್ನುತ್ತಾರೆ. ಒಬ್ಬ ಹುಡುಗ ತನ್ನನ್ನು ತಾನು ಹಾಗೆ ಸಮಾಧಾನದಿಂದ ನೋಡಿಕೊಳ್ಳಬೇಕಾದರೆ, ತನ್ನನ್ನೇ ಚಪ್ಪಲಿಯಲ್ಲಿ ಹೊಡೆದುಕೊಳ್ಳುವುದನ್ನು ಅವನು ಮೊದಲು ನಿಲ್ಲಿಸಬೇಕು.

ಅದಕ್ಕೇ ಎರಡನೆಯ ಪದ ಬೇಕಾಗುತ್ತದೆ: ‘ಸೆಲ್ಫ್ ಕಂಪ್ಯಾಷನ್’. ಸ್ವಕರುಣೆ ಎನ್ನೋಣ. ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ 2003ರಲ್ಲಿ ಇದನ್ನು ಅಳೆಯುವ 26 ಹೇಳಿಕೆಗಳ ಮಾಪಕ ಪ್ರಕಟಿಸಿದರು. ಅವರ ಪ್ರಕಾರ ಇದರಲ್ಲಿ ಸೋತಾಗ ತನ್ನನ್ನು ಬೈಯುವ ಬದಲು ಗೆಳೆಯನನ್ನು ಮಾತಾಡಿಸುವ ಹಾಗೆ ಮಾತಾಡಿಸಿಕೊಳ್ಳುವುದು ಇದೆ. ಸೋಲು ನನ್ನೊಬ್ಬನ ಹಣೆಯಲ್ಲಿ ಬರೆದದ್ದಲ್ಲ, ಎಲ್ಲ ಮನುಷ್ಯರಿಗೂ ಇದ್ದದ್ದೇ ಎಂದು ಕಾಣುವುದು ಇದೆ. ನೋವನ್ನು ಮುಚ್ಚಿಡದೆ, ಅದರಲ್ಲೇ ಮುಳುಗದೆ, ಇದ್ದಷ್ಟನ್ನು ಇದ್ದ ಹಾಗೆ ನೋಡುವುದು ಇದೆ. ‘ಅಯ್ಯೋ ನನ್ನ ಗತಿಯೇ’ ಎನ್ನುವ ಸ್ವಾನುಕಂಪದಿಂದ ಇದು ದೂರ. ಸ್ವಾನುಕಂಪದಲ್ಲಿ ಇಡೀ ಲೋಕದಲ್ಲಿ ನಾನೊಬ್ಬನೇ ನತದೃಷ್ಟ. ಸ್ವಕರುಣೆಯಲ್ಲಿ ನಾನೂ ಹತ್ತು ಜನರಲ್ಲಿ ಒಬ್ಬ.

ನಮ್ಮ ಹಿರಿಯರಿಗೆ, ವಿಶೇಷವಾಗಿ ಪಿಟಿ ಮಾಸ್ಟರುಗಳಿಗೆ, ಇದನ್ನು ಹೇಳಿದರೆ ನಗುತ್ತಾರೆ. ‘ಮುದ್ದು ಮಾಡಿದರೆ ಇನ್ನೂ ಕೆಡ್ತಾರೆ’ ಎನ್ನುತ್ತಾರೆ. ಇದು ಸುಲಭಕ್ಕೆ ತಳ್ಳಿಹಾಕುವ ಆಕ್ಷೇಪವಲ್ಲ, ಆದ್ದರಿಂದ ಪರೀಕ್ಷೆ ಮಾಡಿ ನೋಡಿದವರ ಮಾತನ್ನೇ ಹೇಳುತ್ತೇನೆ. 2012ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ ವಿದ್ಯಾರ್ಥಿಗಳಿಗೆ ಜಿಆರ್‌ಇ ಮಾದರಿಯ ಕಷ್ಟದ ಪದಪರೀಕ್ಷೆ ಕೊಟ್ಟರು. ಎಲ್ಲರಿಗೂ ಕಷ್ಟವಾಯಿತು. ಒಂದು ಗುಂಪಿಗೆ ‘ಇದು ಎಲ್ಲರಿಗೂ ಕಷ್ಟವೇ, ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ’ ಎಂಬ ಅರ್ಥದ ಮಾತು ಹೇಳಿದರು, ಇನ್ನೊಂದಕ್ಕೆ ‘ಇಲ್ಲಿಗೆ ಸೀಟು ಸಿಕ್ಕಿದೆ ಎಂದರೆ ನೀವು ಬುದ್ಧಿವಂತರೇ’ ಎಂದು ಹೊಗಳಿದರು, ಮೂರನೆಯದಕ್ಕೆ ಏನೂ ಹೇಳಲಿಲ್ಲ. ಎರಡನೇ ಪರೀಕ್ಷೆಗೆ ಎಲ್ಲರಿಗಿಂತ ಹೆಚ್ಚು ಹೊತ್ತು ಕೂತು ಓದಿದ್ದು ಮೊದಲ ಗುಂಪು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಮಾಡಿದ ಅಧ್ಯಯನವೂ ಇದೇ ದಿಕ್ಕಿನದು: ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಮುಂದೂಡಿದ್ದು ಕಡಿಮೆ. ಇವರ್ಯಾರೂ ವ್ಯಸನಿಗಳಲ್ಲ, ನಿಜ. ಆದರೆ ‘ಕ್ಷಮಿಸಿದರೆ ಸೋಮಾರಿಯಾಗುತ್ತಾರೆ’ ಎಂಬ ನಮ್ಮ ಅಚಲ ನಂಬಿಕೆಗೆ ಇಷ್ಟು ಪೆಟ್ಟು ಬಿದ್ದರೂ ಸಾಕು.

ನನ್ನ ಗೆಳೆಯನನ್ನು ಎತ್ತಿ ನಿಲ್ಲಿಸಿದ್ದು ಒಂದು ಪ್ರಶ್ನೆ. ಕೊನೆಗೂ ಅವನು ಸರ್ಕಾರಿ ಆಸ್ಪತ್ರೆಯೊಂದರ ಆಪ್ತ ಸಮಾಲೋಚಕಿಯ ಎದುರು ಕೂತಾಗ, ‘42ನೇ ದಿನ ಯಾಕೆ ಸೇದಿದೆ’ ಎಂದು ಕೇಳುತ್ತಾರೆ ಅಂದುಕೊಂಡು ಉತ್ತರ ಕಟ್ಟಿಕೊಂಡು ಹೋಗಿದ್ದನಂತೆ. ಅವರು ಕೇಳಿದ್ದು, ‘ಅಲ್ಲಪ್ಪಾ, 41 ದಿನ ಹೇಗೆ ಬಿಟ್ಟಿದ್ದೆ?’ ಅದಕ್ಕೆ ಅವನ ಬಳಿ ಉತ್ತರ ಇರಲಿಲ್ಲ. ಹೇಳುತ್ತ ಹೇಳುತ್ತ ಹುಡುಕಿಕೊಂಡ. ಸಂಜೆ ಐದರಿಂದ ಏಳು ಗ್ರೌಂಡಿನಲ್ಲಿ ಹಾಕಿ ಆಡುತ್ತಿದ್ದ, ರಾತ್ರಿ ಅಮ್ಮನಿಗೆ ಫೋನ್ ಮಾಡುತ್ತಿದ್ದ, ಕೈಯಲ್ಲಿ ಜಾಸ್ತಿ ದುಡ್ಡು ಇಟ್ಟುಕೊಳ್ಳುತ್ತಿರಲಿಲ್ಲ. ಬೇಕು ಎನ್ನುವ ಸೆಳೆತ ಅಲೆಯ ಹಾಗೆ ಏರಿ, ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯುತ್ತದೆ ಎಂಬುದು ಅವನಿಗೆ ಅನುಭವದಿಂದಲೇ ಗೊತ್ತಾಗಿತ್ತು. ಗೊತ್ತಿದೆ ಎಂಬುದು ಗೊತ್ತಿರಲಿಲ್ಲ. ಲೋಕಸ್, ಸ್ವಕರುಣೆ ಎಂಬ ಪದಗಳನ್ನು ಅವನು ಕಲಿತದ್ದು ಅಲ್ಲೇ, ನಾನು ಕಲಿತದ್ದು ಅವನಿಂದ. ಈಗ ಅವನು ಪೂರ್ತಿ ಸರಿಹೋಗಿದ್ದಾನೆ ಎಂದು ಬರೆದರೆ ಸುಳ್ಳಾಗುತ್ತದೆ. ಆಮೇಲೂ ಒಮ್ಮೆ ಜಾರಿದ. ಆದರೆ ಆ ಸಲ ಮರುದಿನವೇ ಬಸ್ಸು ಹತ್ತಿ ಅವರ ಬಳಿ ಹೋದ.

ಇಷ್ಟಕ್ಕೂ ಅವನು ಆಸ್ಪತ್ರೆಗೆ ಹೋಗಲು ಅಷ್ಟು ತಡ ಮಾಡಿದ್ದೇಕೆ? ಇಲ್ಲಿ ನಮ್ಮ ಜಿಲ್ಲೆಯ ಮಾತು ಬರುತ್ತದೆ. ಕೊಡಗು ಚಿಕ್ಕದು. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರೂ ಮೊದಲು ಕೇಳುವುದು ‘ಯಾರ ಮನೆಯವನು ನೀನು?’ ಎಂದು. ಮನೆ ಹೆಸರು ಹೇಳಿದರೆ ಅಜ್ಜನವರೆಗೂ ಲೆಕ್ಕ ಸಿಗುತ್ತದೆ. ಕುಟುಂಬಗಳ ಹಾಕಿ ಹಬ್ಬದಲ್ಲಿ ಆ ಮನೆ ಹೆಸರೇ ಟೀಶರ್ಟಿನ ಬೆನ್ನ ಮೇಲೆ ಇರುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಆರಂಭಿಸಿದ ಆ ಟೂರ್ನಿಗೆ ಈಗ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ತಂಡ ಕಳಿಸುತ್ತವೆ. ಹೆಮ್ಮೆಯ ದಿನ ಬೆನ್ನ ಮೇಲಿರುವ ಹೆಸರು ಆಸ್ಪತ್ರೆಯ ಮನೋರೋಗ ವಿಭಾಗದ ಬೆಂಚಿನಲ್ಲಿ ಕೂತಾಗಲೂ ಬೆನ್ನ ಮೇಲೇ ಇರುತ್ತದೆ. ಓಪಿಡಿ ಚೀಟಿ ಬರೆಯುವವರೇ ಪರಿಚಯದವರಾಗಿರಬಹುದು. ಚಟ ಒಬ್ಬ ಹುಡುಗನದು, ಅವಮಾನ ಮನೆಯವರೆಲ್ಲರದು. ಇಂಥ ಕಡೆ ‘ನನ್ನೊಬ್ಬನಿಗೇ ಹೀಗಾಗಿದೆ’ ಎಂದು ಅನಿಸದೆ ಇರುತ್ತದೆಯೇ?

ಇದರ ಇನ್ನೊಂದು ಮಗ್ಗುಲು ಇನ್ನೂ ವಿಚಿತ್ರ. ನಮ್ಮಲ್ಲಿ ಬಹಳ ಮನೆಗಳಲ್ಲಿ ಮದುವೆಗೆ, ಹಬ್ಬಕ್ಕೆ ಮದ್ಯ ಹೊಸತಲ್ಲ. ಇದನ್ನು ದೂರು ಎಂದು ಹೇಳುತ್ತಿಲ್ಲ, ನಾನೂ ಅದೇ ಮನೆಗಳ ಊಟ ಉಂಡವನು. ಆದರೆ ಕುಡಿದು ತೂರಾಡುವ ಮಾವ ತಮಾಷೆಯ ಮನುಷ್ಯ, ಗಾಂಜಾ ಸೇದಿದ ಅಳಿಯ ಮನೆತನಕ್ಕೆ ಕಳಂಕ ಎಂಬ ಅಳತೆಗೋಲು ಆರೋಗ್ಯದ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಏಮ್ಸ್‌ನ ತಜ್ಞರು ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಹೇಳುವಂತೆ, ದೇಶದಲ್ಲಿ 10ರಿಂದ 75 ವರ್ಷದವರಲ್ಲಿ ಮದ್ಯ ಸೇವಿಸುವವರು ಶೇ 14.6, ಗಾಂಜಾ–ಭಂಗಿಯಂಥವನ್ನು ಬಳಸುವವರು ಶೇ 2.8. ಅದೇ ವರದಿಯ ಇನ್ನೊಂದು ಅಂಕಿ ನನ್ನ ತಲೆಯಿಂದ ಹೋಗುತ್ತಿಲ್ಲ: ಮದ್ಯ ಅವಲಂಬಿತರಲ್ಲಿ ಯಾವುದೇ ರೀತಿಯ ಚಿಕಿತ್ಸೆ ಪಡೆದವರು 38 ಜನರಲ್ಲಿ ಒಬ್ಬರು. ಉಳಿದ 37 ಜನಕ್ಕೂ ಯಾರೋ ಒಬ್ಬರು ‘ಎಲ್ಲ ನಿನ್ನ ಕೈಯಲ್ಲೇ ಇದೆ’ ಎಂದು ಹೇಳಿಯೇ ಇರುತ್ತಾರೆ.

ಪೂರೈಕೆ ಇಲ್ಲದೆ ಚಟ ಇಲ್ಲ, ಅದನ್ನೂ ಹೇಳಬೇಕು. 2024ರಲ್ಲಿ ಥಾಯ್ಲೆಂಡ್‌ನಿಂದ ಬಂದ ಹೈಡ್ರೋ ಗಾಂಜಾವನ್ನು ನಮ್ಮ ಜಿಲ್ಲೆಯ ಪೊಲೀಸರೇ ಹಿಡಿದರು. ಅಂಥ ಜಾಲ ಕಡಿಯುವುದು ಪೊಲೀಸರ ಕೆಲಸ, ಅದರಲ್ಲಿ ಕರುಣೆಯ ಪ್ರಶ್ನೆ ಇಲ್ಲ. ಹಾಸ್ಟೆಲ್ ಹುಡುಗನೇ ಮಾರಾಟಕ್ಕೆ ಇಳಿದರೂ ಅಷ್ಟೆ. ಆದರೆ ಮಾರುವವನು, ಸೇದುವವನು ಇಬ್ಬರನ್ನೂ ಒಂದೇ ಫೋಟೊದಲ್ಲಿ ನಿಲ್ಲಿಸಿದರೆ ಏನಾಗುತ್ತದೆ? 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ಗಾಂಜಾ ಪ್ರಕರಣದಲ್ಲಿ ವೈದ್ಯರು, ವೈದ್ಯಕೀಯ ವಿದ್ಯಾರ್ಥಿಗಳು ಬಂಧಿತರಾದಾಗ ರಾಜ್ಯಕ್ಕೆ ರಾಜ್ಯವೇ ಬೆಚ್ಚಿತು. ಚಟದ ಬಗ್ಗೆ ಪಾಠ ಓದಿದವರೇ ಹೀಗೆ ಎಂದರೆ, ತಿಳಿವಳಿಕೆ ಒಂದರಿಂದಲೇ ಚಟ ನಿಲ್ಲುವುದಿಲ್ಲ ಎಂದು ಅರ್ಥವಲ್ಲವೇ? ಅದರ ಬದಲು ಹಾಸ್ಟೆಲುಗಳಲ್ಲಿ ಹರಡಿದ್ದು ಒಂದೇ ಪಾಠ: ಸಿಕ್ಕಿಬೀಳಬಾರದು. ಸಹಾಯ ಕೇಳುವುದೂ ಸಿಕ್ಕಿಬೀಳುವ ಒಂದು ದಾರಿಯೇ ತಾನೆ.

ಕಾನೂನು ಇಷ್ಟು ಕುರುಡಾಗಿಲ್ಲ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನಂತೆ ಸೇವನೆಯೂ ಅಪರಾಧ; ಗಾಂಜಾ ಆದರೆ ಆರು ತಿಂಗಳವರೆಗೆ ಜೈಲು ಆಗಬಹುದು. ಆದರೆ ಅದೇ ಕಾಯ್ದೆಯಲ್ಲಿ 64ಎ ಎಂಬ ಕಲಮು ಇದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಎದುರಿಸುವ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂಪಡೆಯಬಹುದು. ನನ್ನ ಕಣ್ಣಿಗೆ ಇದು ಬಹಳ ಜಾಣ ಕಲಮು: ಹೆಜ್ಜೆ ಇಡುವ ಜವಾಬ್ದಾರಿ ನಿನ್ನದು, ಇಟ್ಟರೆ ನಿನ್ನನ್ನು ತುಳಿಯುವುದಿಲ್ಲ ಎನ್ನುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದ ಉಂಟಾಗುವ ಮಾನಸಿಕ ತೊಂದರೆಗಳನ್ನೂ ಕಾಯಿಲೆಯ ವ್ಯಾಖ್ಯೆಗೆ ಸೇರಿಸಿದೆ, ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯುವ ಹಕ್ಕನ್ನೂ ಕೊಟ್ಟಿದೆ.

ದೇಶದ ಕಾನೂನು ಕೊಟ್ಟಿರುವ ಈ ಅವಕಾಶವನ್ನು ಕಾಲೇಜಿನ ನಿಯಮ ಪುಸ್ತಕ ಏಕೆ ಕೊಡಬಾರದು? ನಾನು ಬಲ್ಲ ಒಂದು ಹಾಸ್ಟೆಲ್‌ನಲ್ಲಿ ಹುಡುಗನೊಬ್ಬ ತಾನೇ ಹೋಗಿ ವಾರ್ಡನ್‌ಗೆ ಹೇಳಿದ, ‘ಸರ್, ಬಿಡಲಿಕ್ಕೆ ಆಗ್ತಾ ಇಲ್ಲ’ ಎಂದು. ಮೂರನೇ ದಿನ ಅಪ್ಪ ಅಮ್ಮನನ್ನು ಕರೆಸಿ ಹಾಸ್ಟೆಲ್ ಖಾಲಿ ಮಾಡಿಸಿದರು. ಆ ಬ್ಲಾಕಿನಲ್ಲಿ ಮತ್ತೆ ಯಾರೂ ಹೇಳಲಿಲ್ಲ. ವಾರ್ಡನ್ ಕೆಟ್ಟವರಲ್ಲ, ಅವರ ಎದುರು ಇದ್ದ ನಿಯಮದಲ್ಲಿ ಬೇರೆ ದಾರಿಯೇ ಇರಲಿಲ್ಲ. ಹಾಗಾದರೆ ನಿಯಮ ಬದಲಾಗಲಿ. ಸಿಕ್ಕಿಬೀಳುವ ಮೊದಲೇ ಬಂದು ಹೇಳಿಕೊಂಡು ಚಿಕಿತ್ಸೆಗೆ ಹೋಗುವವನ ಮೇಲೆ ಶಿಸ್ತು ಕ್ರಮವಿಲ್ಲ ಎಂದು ಒಂದು ಸಾಲು ಬರೆಯಲಿ. ಕಾಮಾಲೆ ಬಂದು ಮೂರು ವಾರ ಮಲಗಿದವನಿಗೆ ಮೆಡಿಕಲ್ ಸರ್ಟಿಫಿಕೇಟ್ ನೋಡಿ ಹಾಜರಾತಿಯಲ್ಲಿ ರಿಯಾಯಿತಿ ಕೊಡುತ್ತಾರಲ್ಲ, ವ್ಯಸನದ ಚಿಕಿತ್ಸೆಗೆ ಹೋದವನಿಗೂ ಅದೇ ಲೆಕ್ಕ ಹಾಕಲಿ. ಸರ್ಟಿಫಿಕೇಟಿನಲ್ಲಿ ಕಾಯಿಲೆಯ ಹೆಸರು ನೋಟಿಸ್ ಬೋರ್ಡಿಗೆ ಬರುವುದು ಬೇಡ. ಇಷ್ಟಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ. ಒಳಗಿನ ಹಿಡಿತ ಬೆಳೆಸಿಕೋ ಎಂದು ಹುಡುಗನಿಗೆ ಹೇಳುವ ಮೊದಲು, ಹೊರಗಿನ ಲಗಾಮು ಯಾರ ಕೈಯಲ್ಲಿದೆಯೋ ಅವರು ಅದನ್ನು ಸ್ವಲ್ಪ ಸಡಿಲ ಬಿಡಲಿ.

ಸಹಾಯ ಎಲ್ಲಿದೆ ಎಂದು ಕೇಳುವವರಿಗೆ: 14416 ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಸಿಗುತ್ತದೆ, ಬೆಂಗಳೂರಿನ ನಿಮ್ಹಾನ್ಸ್ ಇದರ ಬೆನ್ನಿಗಿದೆ. ಚಟಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ರೈಲೇ ಇಲ್ಲದ, ಮಳೆಗಾಲದಲ್ಲಿ ಭಾಗಮಂಡಲದ ರಸ್ತೆಯೇ ಮುಳುಗುವ ಜಿಲ್ಲೆಯವರಿಗೆ ಫೋನಿನಲ್ಲಿ ಶುರು ಮಾಡುವುದು ಸಣ್ಣ ಅನುಕೂಲವಲ್ಲ. ಯಾರ ಮನೆಯವನು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೂ ಹೋಗಬಹುದು. ಕುಡಿತದ ಸಮಸ್ಯೆ ಇರುವವರಿಗೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಊರೂರಲ್ಲಿ ನಡೆಯುತ್ತವೆ. 1935ರಲ್ಲಿ ಅಮೆರಿಕದ ಓಹಿಯೊದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಗುಂಪುಗಳು ಕರ್ನಾಟಕದಲ್ಲೂ ಇವೆ. ಅವರ ಕ್ರಮ ನೋಡಿದರೆ ನನ್ನಂಥ ಎಂಜಿನಿಯರಿಂಗ್ ತಲೆಗೆ ಮೊದಲು ಗೊಂದಲವಾಗುತ್ತದೆ. ಕುಡಿತದ ಎದುರು ನನಗೆ ಬಲವಿಲ್ಲ ಎಂದು ಒಪ್ಪಿಕೊಳ್ಳುವುದರಿಂದಲೇ ಆರಂಭ, ಆಮೇಲೆ ಇವತ್ತು ಒಂದು ದಿನ ಕುಡಿಯದಿರುವ ಕೆಲಸ ಮಾತ್ರ ತನ್ನದು. ಸೋಲನ್ನು ಹತ್ತು ಜನರ ಎದುರು ಹೇಳಿಕೊಂಡು, ಅವರೂ ತಲೆಯಾಡಿಸಿದ್ದನ್ನು ಕಂಡವನಿಗೆ ಆ ಒಂದು ದಿನದ ಹಿಡಿತ ಸಿಗುತ್ತದಂತೆ.

ಕೊನೆಗೆ ಒಂದು ಮಾತು, ರೂಮ್‌ಮೇಟ್ ಆಗಿರುವವರಿಗೆ. ಒಂದು ರಾತ್ರಿ ಲೈಟ್ ಆರಿಸಿದ ಮೇಲೆ ಅವನು ‘ಮಗಾ, ನನ್ನ ಕೈಲಿ ಆಗ್ತಿಲ್ಲ’ ಎಂದರೆ ಉಪದೇಶ ಬೇಡ, ಅವನ ಮನೆಗೆ ಫೋನ್ ಮಾಡುವ ಅವಸರವೂ ಬೇಡ. ಎಷ್ಟು ದಿನದಿಂದ ಎಂದು ಕೇಳಿ, ನಡುವೆ ಬಿಟ್ಟ ದಿನಗಳೂ ಇದ್ದವೇ ಎಂದು ಕೇಳಿ. ಸಾಯುವ ಮಾತಾಡಿದರೆ ಮಾತ್ರ ಕಾಯಬೇಡಿ, ಆ ಕ್ಷಣವೇ ದೊಡ್ಡವರಿಗೆ ತಿಳಿಸಿ, ಒಬ್ಬನನ್ನೇ ಬಿಡಬೇಡಿ. ಆಸ್ಪತ್ರೆಗೆ ಹೊರಟರೆ ಜೊತೆಗೆ ಬಸ್ಸು ಹತ್ತಿ, ಟಿಕೆಟ್ ಅವನೇ ತೆಗೆಯಲಿ. ಅವನು ತಪ್ಪಿಸಿಕೊಂಡ ಕ್ಲಾಸಿನ ನೋಟ್ಸ್ ಕೊಡಿ. ಲ್ಯಾಬ್ ರೆಕಾರ್ಡನ್ನು ನೀವು ಬರೆದುಕೊಡಬೇಡಿ. ಅವನು ಬರೆಯುವಾಗ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನಿಮ್ಮದನ್ನು ಬರೆಯಿರಿ.